ಬಣವೆಯ ಟಾರ್ಪಾಲು ಗಾಳಿಗೆ ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ಬೇಲರ್ ಯಂತ್ರದಲ್ಲಿ ಕಟ್ಟಿಸಿದ ಚೌಕ ಪೆಂಡಿಗಳನ್ನು ಹೊಲದ ಅಂಚಿನಲ್ಲಿ ಏಳು ಸಾಲು ಎತ್ತರಕ್ಕೆ ಒಟ್ಟಿದ್ದೇನೆ. ಬಣವೆಯ ಮೇಲ್ಭಾಗ 20 ಅಡಿ ಉದ್ದ, 10 ಅಡಿ ಅಗಲವಿದೆ. ಅದರ ಮೇಲೆ 30 ಅಡಿಗೆ 20 ಅಡಿಯ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿ, ಅಂಚಿನ ಕಣ್ಣುಗಳಿಗೆ ಹಗ್ಗ ಕಟ್ಟಿ, ಸುತ್ತ ಗೂಟ ಹೊಡೆದು, ಮೇಲೆ ನಾಲ್ಕೈದು ಕಲ್ಲು ಇಟ್ಟಿದ್ದೇನೆ. ಆದರೂ ಗಾಳಿ ಜೋರಾದಾಗಲೆಲ್ಲ ಕಣ್ಣುಗಳು ಕಿತ್ತು ಬರುತ್ತಿವೆ. ಟಾರ್ಪಾಲು ಹರಿಯದೆ ಗಟ್ಟಿಯಾಗಿರುವ ಜಾಗದಲ್ಲೂ ಮೇಲಿನ ಪೆಂಡಿಗಳು ಒದ್ದೆಯಾಗಿ ಬೂಷ್ಟು ಹಿಡಿದಿವೆ. ಇನ್ನೂ ದಪ್ಪನೆಯ, ನೆಲದವರೆಗೆ ಬರುವ ಟಾರ್ಪಾಲು ಕೊಳ್ಳಬೇಕೇ?

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ಈಗಿನ ರೀತಿಯಲ್ಲೇ ಕಟ್ಟಿದರೆ ದಪ್ಪನೆಯದೂ ಹರಿಯುತ್ತದೆ, ಸ್ವಲ್ಪ ತಡವಾಗಿ ಅಷ್ಟೇ. ಇನ್ನು ನೆಲದವರೆಗೆ ಮುಚ್ಚಿದರೆ ನಿಮ್ಮ ಎರಡನೆಯ ತೊಂದರೆ ಹೆಚ್ಚಾಗುತ್ತದೆ. ಕಣ್ಣು ಕಿತ್ತು ಬರುವುದಕ್ಕೆ ಕಾರಣ ಟಾರ್ಪಾಲಿನ ಸಡಿಲ. ಮೇಲಿನ ಪೆಂಡಿ ಒದ್ದೆಯಾಗುವುದಕ್ಕೆ ಕಾರಣ, ಬಹುಮಟ್ಟಿಗೆ, ಹುಲ್ಲಿನೊಳಗೇ ಇದ್ದ ನೀರು. ಮೊದಲು ಗಾಳಿಯ ವಿಷಯ ನೋಡೋಣ.

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 6 ಕಿಲೋ ತೂಕಕ್ಕೆ ಸಮ. 72 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 25 ಕಿಲೋ. ನಿಮ್ಮ ಬಣವೆಯ ನೆತ್ತಿ 200 ಚದರ ಅಡಿ, ಅಂದರೆ ಹದಿನೆಂಟೂವರೆ ಚದರ ಮೀಟರ್. ಅಷ್ಟೂ ಜಾಗವನ್ನು ಗಾಳಿ ಪೂರ್ಣ ಒತ್ತಡದಿಂದ ಎತ್ತಿತು ಎಂದುಕೊಂಡರೆ ಮೊದಲ ವೇಗದಲ್ಲಿ ಸುಮಾರು 115 ಕಿಲೋ, ಎರಡನೆಯದರಲ್ಲಿ ಸುಮಾರು 460 ಕಿಲೋ ಎಳೆತ ಬರುತ್ತದೆ. ನೆತ್ತಿಯ ಮೇಲೆ ಇಟ್ಟ ನಾಲ್ಕೈದು ಕಲ್ಲುಗಳು ಇದನ್ನು ತಡೆಯಲಾರವು. ತಡೆಯದಿದ್ದರೆ ಹೋಗಲಿ, ಅವು ಕುಳಿತಲ್ಲಿ ಗುಂಡಿ ಬೀಳುತ್ತದೆ, ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಟಾರ್ಪಾಲು ಅಲುಗಾಡಿದಾಗ ಕಲ್ಲಿನ ಅಂಚೇ ಅದನ್ನು ತೂತು ಮಾಡುತ್ತದೆ. ಇವತ್ತೇ ಅವನ್ನು ಕೆಳಗಿಳಿಸಿ.

ಈಗ 460 ಕಿಲೋವನ್ನು ಕಣ್ಣುಗಳಿಗೆ ಹಂಚಿ ನೋಡಿ. ಸುತ್ತಳತೆ 100 ಅಡಿ; ಮೂರು ಅಡಿಗೊಂದು ಕಣ್ಣಿದ್ದರೆ 33 ಕಣ್ಣು; ಒಂದಕ್ಕೆ 14 ಕಿಲೋ. ಸಾಧಾರಣ ಟಾರ್ಪಾಲಿನ ಕಣ್ಣೂ ಅಷ್ಟನ್ನು ತಾಳುತ್ತದೆ. ಆದರೂ ಕಿತ್ತು ಬಂದದ್ದು ಏಕೆಂದರೆ ಎಳೆತ ಸಮನಾಗಿ ಹಂಚಿಕೆಯಾಗುವುದೇ ಇಲ್ಲ. ಗಾಳಿಗೆ ಎದುರಾದ ಅಂಚು ಮತ್ತು ಮೂಲೆಗಳಲ್ಲಿ ಸೆಳೆತ ಅತಿ ಹೆಚ್ಚು. ಅಲ್ಲಿ ಹಗ್ಗ ನಾಲ್ಕು ಬೆರಳು ಸಡಿಲವಿದ್ದರೂ ಸಾಕು, ಒಗೆದ ಬಟ್ಟೆಯನ್ನು ಝಾಡಿಸಿದಂತೆ ಟಾರ್ಪಾಲು ಮೇಲೆದ್ದು ಫಟ್ಟನೆ ನಿಲ್ಲುತ್ತದೆ. ನಿಲ್ಲುವ ಆ ಕ್ಷಣದ ಜಗ್ಗಾಟ ನೇರ ಎಳೆತದ ಹಲವು ಪಟ್ಟು, ಮತ್ತು ಅದು ಒಂದು ರಾತ್ರಿಯಲ್ಲಿ ಸಾವಿರಾರು ಸಲ ನಡೆಯುತ್ತದೆ. ಮೊದಲ ಕಣ್ಣು ಹೋದಾಗ ಪಕ್ಕದವೆರಡಕ್ಕೆ ಹೊರೆ ಏರುತ್ತದೆ. ಆಮೇಲೆ ಉಳಿದವು ಸರದಿಯಲ್ಲಿ ಕಿತ್ತು ಬರುತ್ತವೆ. ನಿಮ್ಮ ಟಾರ್ಪಾಲನ್ನು ಹರಡಿ ನೋಡಿ: ಹರಿದ ಕಣ್ಣುಗಳು ಒಂದೇ ಬದಿಯಲ್ಲಿ ಸಾಲಾಗಿ ಇದ್ದರೆ ನನ್ನ ಊಹೆ ಸರಿ.

ಹೊದಿಸಿದ ದಿನ ನೀವು ಬಿಗಿಯಾಗಿಯೇ ಕಟ್ಟಿರುತ್ತೀರಿ. ಆದರೆ ಹೊಸ ಬಣವೆ ತನ್ನ ತೂಕಕ್ಕೆ ತಾನೇ ಕುಸಿಯುತ್ತದೆ, ಮೊದಲ ಕೆಲವು ವಾರಗಳಲ್ಲಿ ಹೆಚ್ಚು. ನೈಲಾನ್ ಹಗ್ಗ ನೆನೆದಾಗ ಹಿಗ್ಗುತ್ತದೆ. ಗೂಟವಂತೂ ನೆಲ ಒಣಗಿದ್ದಾಗ ಭದ್ರವಾಗಿದ್ದು, ಮಳೆ ಗಾಳಿ ಜೊತೆಗೂಡಿ ಬಂದಾಗ, ಅಂದರೆ ಬೇಕಾದ ಹೊತ್ತಿನಲ್ಲೇ, ಸಡಿಲವಾಗುತ್ತದೆ. ಹಾಗಾಗಿ ಒಮ್ಮೆ ಬಿಗಿದು ಮರೆತುಬಿಡುವ ಕಟ್ಟು ಇಲ್ಲಿ ಕೆಲಸಕ್ಕೆ ಬಾರದು. ಬಣವೆ ಕುಸಿದಂತೆ ಹಗ್ಗವೂ ತಾನಾಗಿ ಕೆಳಗಿಳಿಯಬೇಕು, ಅಥವಾ ನೀವು ಸುಲಭವಾಗಿ ಮತ್ತೆ ಬಿಗಿಯುವಂತಿರಬೇಕು.

ನಾನು ಹೇಳುವ ಮುಖ್ಯ ಬದಲಾವಣೆ ಇದು: ಹಗ್ಗವನ್ನು ಒಂದೊಂದು ಕಣ್ಣಿಗೆ ಕಟ್ಟಬೇಡಿ, ಟಾರ್ಪಾಲಿನ ಉದ್ದನೆಯ ಅಂಚುಗಳನ್ನು ಕೊಳವೆಗೆ ಸುತ್ತಿ, ಹಗ್ಗವನ್ನು ಕೊಳವೆಗೆ ಕಟ್ಟಿ. ಒಂದೂವರೆ ಇಂಚಿನ ಕಬ್ಬಿಣದ ಕೊಳವೆಯಾದರೆ ಒಳ್ಳೆಯದು. ಮರಳು ತುಂಬಿ ಎರಡೂ ತುದಿ ಮುಚ್ಚಿದ ಪಿವಿಸಿ ಕೊಳವೆಯೂ ನಡೆಯುತ್ತದೆ, ಗೆಣ್ಣು ಸವರಿ ನುಣುಪು ಮಾಡಿದ ಬಿದಿರೂ ನಡೆಯುತ್ತದೆ. ಅಂಚನ್ನು ಕೊಳವೆಯ ಸುತ್ತ ಎರಡು ಸುತ್ತು ಸುತ್ತಿ, ಕಣ್ಣುಗಳ ಮೂಲಕ ತೆಳುದಾರ ಹಾಯಿಸಿ ಕೊಳವೆಗೆ ಹೊಲಿದಂತೆ ಕಟ್ಟಿಬಿಡಿ. ಈಗ ಕಣ್ಣಿನ ಕೆಲಸ ಅಂಚು ಬಿಚ್ಚಿಕೊಳ್ಳದಂತೆ ನೋಡಿಕೊಳ್ಳುವುದು ಮಾತ್ರ. ಎಳೆತವನ್ನು ಬಟ್ಟೆ ಪೂರ್ತಿ ಉದ್ದಕ್ಕೂ ಹೊರುತ್ತದೆ. ಕೊಳವೆಯ ತೂಕಕ್ಕೆ ಅಂಚು ಕೆಳಗೇ ನಿಲ್ಲುವುದರಿಂದ ಅಡಿಯಿಂದ ಗಾಳಿ ನುಗ್ಗುವುದೂ ಕಡಿಮೆಯಾಗುತ್ತದೆ. ಗಾಳಿ ಒಳಗೆ ನುಗ್ಗದಿದ್ದರೆ ಯುದ್ಧದ ಮುಕ್ಕಾಲು ಭಾಗ ಮುಗಿದಂತೆ.

ಕೊಳವೆಯನ್ನು ಯಾವುದಕ್ಕೆ ಕಟ್ಟುವುದು? ಬಣವೆಯನ್ನು ಮರದ ಪ್ಯಾಲೆಟ್ ಮೇಲೆ ಒಟ್ಟಿದ್ದರೆ ಯೋಚನೆಯೇ ಇಲ್ಲ. ಪ್ಯಾಲೆಟ್ಟಿನ ಸಂದಿಯಲ್ಲಿ ಆಚೆಯಿಂದ ಈಚೆಗೆ ಹಗ್ಗ ಹಾಯಿಸಿ, ಎರಡೂ ಬದಿಯ ಕೊಳವೆಗಳನ್ನು ಬಣವೆಯ ಅಡಿಯಿಂದಲೇ ಒಂದಕ್ಕೊಂದು ಬಿಗಿಯಿರಿ. ನಾಲ್ಕೈದು ಅಡಿಗೆ ಒಂದರಂತೆ. ಆಗ ಗೂಟದ ಗೊಡವೆ ಇಲ್ಲ, ಬಣವೆಯನ್ನೇ ಎತ್ತದೆ ಗಾಳಿ ಟಾರ್ಪಾಲನ್ನು ಎತ್ತಲಾರದು. ಮುಂದಿನ ಸಲ ಒಟ್ಟುವಾಗ ಮೊದಲ ಸಾಲಿನ ಅಡಿಯಲ್ಲೇ ಹಗ್ಗಗಳನ್ನು ಹಾಸಿ ತುದಿಗಳನ್ನು ಹೊರಗೆ ಬಿಟ್ಟಿರಿ. ಹತ್ತು ನಿಮಿಷದ ಈ ಕೆಲಸ ಇಡೀ ಹಂಗಾಮು ನೆಮ್ಮದಿ ಕೊಡುತ್ತದೆ. ಪೆಂಡಿಯ ದಾರಕ್ಕೇ ಟಾರ್ಪಾಲು ಕಟ್ಟುವವರಿದ್ದಾರೆ. ಅದನ್ನು ಮಾಡಬೇಡಿ. ದಾರ ಹರಿದರೆ ಆ ಪೆಂಡಿ ಬಿಚ್ಚಿಕೊಂಡು ಬಣವೆಯ ಗೋಡೆಯೇ ಸಡಿಲವಾಗುತ್ತದೆ.

ಬಣವೆ ಈಗಾಗಲೇ ನೆಲದ ಮೇಲೆ ನಿಂತಿದ್ದು ಅಡಿಯಲ್ಲಿ ಸಂದಿಲ್ಲದಿದ್ದರೆ ತೂಗುಭಾರ ಕಟ್ಟಿ. ಕೊಳವೆಯಿಂದ ನಾಲ್ಕೈದು ಅಡಿಗೊಂದರಂತೆ 15–20 ಕಿಲೋದ ಮರಳು ಚೀಲ ಅಥವಾ 20 ಲೀಟರಿನ ನೀರಿನ ಕ್ಯಾನು ಇಳಿಬಿಡಿ. ಬಣವೆ ಕುಸಿದಂತೆ ಭಾರವೂ ಇಳಿದು ಹಗ್ಗವನ್ನು ಬಿಗಿಯಾಗಿಯೇ ಇಡುತ್ತದೆ, ನಿಮ್ಮ ಕೈ ಬೇಕಾಗುವುದಿಲ್ಲ. ಎರಡು ಎಚ್ಚರ ಬೇಕು. ಭಾರ ನೆಲದಿಂದ ಒಂದು ಅಡಿ ಮೇಲಿರಲಿ. ನೆಲ ಮುಟ್ಟಿದ ಕ್ಷಣ ಅದು ಭಾರವಾಗಿ ಉಳಿಯುವುದಿಲ್ಲ, ಹಗ್ಗ ಜೋಲುತ್ತದೆ. ಬಿರುಗಾಳಿಗೆ ಅದು ತೂಗಾಡಿ ಪೆಂಡಿಗೆ ಗುದ್ದದಂತೆ ಪಕ್ಕದ ಭಾರಕ್ಕೆ ಸಡಿಲವಾದ ದಾರವೊಂದನ್ನು ಹಾಕಿ.

ಇಷ್ಟಾದರೂ ನೆತ್ತಿಯ ನಡುಭಾಗ ಉಬ್ಬಬಹುದು. ಅದಕ್ಕೆ ಟಾರ್ಪಾಲಿನ ಮೇಲಿಂದ ಅಡ್ಡಲಾಗಿ, ಒಂದು ಬದಿಯ ಕೊಳವೆಯಿಂದ ಇನ್ನೊಂದು ಬದಿಯ ಕೊಳವೆಗೆ, ಐದಡಿಗೊಂದು ಹಗ್ಗ ಹಾಯಿಸಿ. ಮೂಲೆಯಿಂದ ಮೂಲೆಗೆ ಎರಡು ಹಗ್ಗ ಹೆಚ್ಚಿಗೆ. ಹಳೆಯ ಬಲೆ ಅಥವಾ ನೆರಳು ಪರದೆ ಇದ್ದರೆ ಹಗ್ಗಕ್ಕಿಂತ ಅದೇ ಮೇಲು. ಒತ್ತುವ ಭಾರ ಎಲ್ಲೆಡೆ ಹರಡುತ್ತದೆ, ಬಿಸಿಲಿನ ಹೊಡೆತವನ್ನೂ ಅದು ತಾನು ತೆಗೆದುಕೊಳ್ಳುತ್ತದೆ. ಹಗ್ಗ ಪೆಂಡಿಯ ಅಂಚು ಹತ್ತಿ ಇಳಿಯುವ ಕಡೆ ಗೋಣಿಯ ತುಂಡೋ ಸೀಳಿದ ನೀರಿನ ಪೈಪಿನ ತುಂಡೋ ಇಡಿ. ಅಲ್ಲಿ ಉಜ್ಜಾಟದಿಂದಲೇ ತೂತು ಬೀಳುವುದು.

ಹಗ್ಗದ ಆಯ್ಕೆಯಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಪಾಲಿಯೆಸ್ಟರ್ ಹಿಗ್ಗುವುದು ಕಡಿಮೆ, ಬಿಸಿಲಿಗೂ ತಾಳುತ್ತದೆ. ಅಗ್ಗದ ಪಾಲಿಪ್ರೊಪಿಲೀನ್ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಬೆರಳಿಗೆ ಎಳೆಗಳು ಚುಚ್ಚತೊಡಗಿದರೆ ಬದಲಿಸಿ. ಸೆಣಬಿನ ಹಗ್ಗ ನೆನೆದಾಗ ಕುಗ್ಗಿ ಬಿಗಿಯುತ್ತದೆ, ಒಣಗಿದಾಗ ಜೋಲುತ್ತದೆ, ಕೊನೆಗೆ ಕೊಳೆಯುತ್ತದೆ. ಗಾಳಿ ಹೆಚ್ಚಿರುವ ಜಾಗದಲ್ಲಿ ಹಗ್ಗ ಮತ್ತು ಕೊಳವೆಯ ನಡುವೆ ಹಳೆಯ ಟ್ಯೂಬಿನಿಂದ ಕತ್ತರಿಸಿದ ಒಂದು ರಬ್ಬರ್ ಪಟ್ಟಿ ಸೇರಿಸಿದರೆ ಜಗ್ಗಾಟದ ಏಟು ಬಹಳ ತಗ್ಗುತ್ತದೆ.

ಬಿಗಿಯಲು ಲಾರಿಯವರು ಸರಕು ಕಟ್ಟುವಾಗ ಹಾಕುವ ಗಂಟೇ ಸಾಕು: ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಕೆಳಗಿನ ಆಧಾರಕ್ಕೆ ಸುತ್ತಿ ಮೇಲೆ ತಂದು ಆ ಕುಣಿಕೆಯಲ್ಲಿ ತೂರಿಸಿ ಕೆಳಕ್ಕೆ ಎಳೆಯುವುದು. ಲೆಕ್ಕಕ್ಕೆ ಮೂರು ಪಟ್ಟು ಬಲ ಸಿಗುತ್ತದೆ. ತಿಕ್ಕಾಟದಲ್ಲಿ ಸ್ವಲ್ಪ ಹೋದರೂ ಒಬ್ಬರ ತೋಳಿನ ಶಕ್ತಿಗೆ ಅದು ಧಾರಾಳ. ಕೊನೆಯ ಗಂಟನ್ನು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಹಾಕಿ. ಬಿಚ್ಚಲು ಕಷ್ಟವಾದ ಗಂಟನ್ನು ಯಾರೂ ಮತ್ತೆ ಬಿಗಿಯಲು ಹೋಗುವುದಿಲ್ಲ.

ಈಗಾಗಲೇ ಕಿತ್ತುಹೋದ ಕಣ್ಣುಗಳ ಬಗ್ಗೆ ಚಿಂತೆ ಬೇಡ, ಹೊಸ ಕಣ್ಣು ಹೊಡೆಸುವ ಖರ್ಚೂ ಬೇಡ. ಅಂಚಿನಿಂದ ಒಂದು ಗೇಣು ಒಳಗೆ, ಟಾರ್ಪಾಲಿನ ಅಡಿಯಿಂದ ನಿಂಬೆಗಾತ್ರದ ನುಣುಪಾದ ಕಲ್ಲನ್ನೋ ಹುಲ್ಲಿನ ಉಂಡೆಯನ್ನೋ ಇಟ್ಟು, ಮೇಲಿಂದ ಅದರ ಕೊರಳಿಗೆ ಎರಡು ಸುತ್ತು ಹಗ್ಗ ಬಿಗಿಯಿರಿ. ಬಟ್ಟೆಯ ಮಡಿಕೆಗಳೆಲ್ಲ ಸೇರಿ ಹೊರೆ ಹೊರುವುದರಿಂದ ಇದು ಅಂಗಡಿಯಿಂದ ಬಂದ ಕಣ್ಣಿಗಿಂತ ಗಟ್ಟಿ. ಚೂಪಾದ ಜಲ್ಲಿಕಲ್ಲು ಮಾತ್ರ ಬಳಸಬೇಡಿ.

ಹೊದಿಸುವ ಕೆಲಸವನ್ನು ಗಾಳಿಯಿಲ್ಲದ ಮುಂಜಾನೆ ಮಾಡಿ, ಕನಿಷ್ಠ ಇಬ್ಬರಿರಲಿ. ಟಾರ್ಪಾಲನ್ನು ಎರಡೂ ಕಡೆಯಿಂದ ಸುರುಳಿ ಸುತ್ತಿ ನೆತ್ತಿಯ ನಡುವಿಗೆ ಏರಿಸಿ, ಅಲ್ಲಿಂದ ಎರಡೂ ಬದಿಗೆ ಬಿಚ್ಚುತ್ತಾ ಬನ್ನಿ. ಗಾಳಿ ಬೀಸುತ್ತಿರುವಾಗ ಬಿಡಿಸಿದ ಟಾರ್ಪಾಲಿನ ಮೂಲೆ ಹಿಡಿದುಕೊಂಡು ಬಣವೆಯ ಅಂಚಿನಲ್ಲಿ ನಿಲ್ಲುವಷ್ಟು ಅಪಾಯದ ಕೆಲಸ ಹೊಲದಲ್ಲಿ ಹೆಚ್ಚಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು. ಒದ್ದೆ ಪ್ಲಾಸ್ಟಿಕ್ ಮೇಲೆ ಕಾಲಿಡಲೇಬೇಡಿ. ಟಾರ್ಪಾಲಿನ ತಲೆಕಡೆಯ, ಅಂದರೆ ಬಣವೆಯ ಕಿರಿದಾದ ಎರಡು ಕೊನೆಗಳ ಕಡೆಯ, ತುದಿಗಳನ್ನು ಮಡಿಸುವಾಗ, ಮಡಿಕೆಯ ಬಾಯಿ ಗಾಳಿ ಬರುವ ದಿಕ್ಕಿಗೆ ತೆರೆದಿರಬಾರದು. ಎರಡು ಟಾರ್ಪಾಲು ಜೋಡಿಸಬೇಕಾಗಿ ಬಂದರೂ ಇದೇ ಮಾತು: ಗಾಳಿ ಬರುವ ಕಡೆಯದು ಮೇಲೆ, ಇನ್ನೊಂದು ಕೆಳಗೆ, ಮೂರಡಿಗೆ ಕಡಿಮೆಯಿಲ್ಲದಂತೆ ಒಂದರ ಮೇಲೊಂದು.

ಇನ್ನು ಬೂಷ್ಟಿನ ವಿಷಯ. ಇದನ್ನು ನೀವು ಗಾಳಿಗಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು.

ಒಣಗಿದಂತೆ ಕಾಣುವ ಹುಲ್ಲಿನಲ್ಲೂ ನೀರಿರುತ್ತದೆ. ಸಣ್ಣ ಚೌಕ ಪೆಂಡಿಗೆ ತೇವಾಂಶ ಶೇ. 18ರಿಂದ 20ರ ಒಳಗಿರಬೇಕು. ದೊಡ್ಡ ಪೆಂಡಿ ಕಟ್ಟಿಸಿದರೆ ಇನ್ನೂ ಕಡಿಮೆ, ಶೇ. 15–16. ಅದಕ್ಕಿಂತ ಹೆಚ್ಚಿದ್ದರೆ ಸೂಕ್ಷ್ಮಜೀವಿಗಳು ಬೆಳೆದು ಹುಲ್ಲು ಒಳಗಿಂದ ಬಿಸಿಯಾಗುತ್ತದೆ. ಬಿಸಿಯಾದ ತೇವದ ಗಾಳಿ ಮೇಲೇರಿ, ರಾತ್ರಿ ತಣ್ಣಗಾದ ಪ್ಲಾಸ್ಟಿಕ್ಕಿನ ಅಡಿಮೈಗೆ ತಾಗಿ ಹನಿಯಾಗುತ್ತದೆ, ಆ ಹನಿ ಮೇಲಿನ ಪೆಂಡಿಯ ಮೇಲೆಯೇ ತೊಟ್ಟಿಕ್ಕುತ್ತದೆ. ಟಾರ್ಪಾಲು ಹುಲ್ಲಿಗೆ ಅಂಟಿಕೊಂಡಿದ್ದರೆ ಹಗಲಲ್ಲೂ ಅದು ಆರುವುದಿಲ್ಲ. ನಿಮ್ಮ ಗಟ್ಟಿ ಟಾರ್ಪಾಲಿನ ಅಡಿಯ ಪೆಂಡಿಗಳು ಹಾಳಾದದ್ದು ಹೀಗೆ. ಖಚಿತಪಡಿಸಿಕೊಳ್ಳಲು ಮಳೆಯಿಲ್ಲದ ಒಂದು ವಾರ ಕಳೆದ ಮೇಲೆ ಬೆಳಗಿನ ಜಾವ ಟಾರ್ಪಾಲಿನ ಅಡಿಮೈಯನ್ನು ಕೈಯಿಂದ ಸವರಿ ನೋಡಿ. ಒದ್ದೆಯಿದ್ದರೆ ಅದು ಮಳೆಯ ನೀರಲ್ಲ.

ಹೊಸದಾಗಿ ಕಟ್ಟಿಸಿದ ಪೆಂಡಿಗಳ ಮೇಲೆ ಮೊದಲ ಆರು ವಾರ ಕಣ್ಣಿರಲಿ. ಕಬ್ಬಿಣದ ಸಲಾಕೆಯೊಂದನ್ನು ಬಣವೆಯ ನಡುವಿಗೆ ತೂರಿಸಿ ಇಪ್ಪತ್ತು ನಿಮಿಷ ಬಿಟ್ಟು ಎಳೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ತಡ ಮಾಡಬೇಡಿ. ಉಷ್ಣಮಾಪಕ ಇದ್ದರೆ ಇನ್ನೂ ಒಳ್ಳೆಯದು. 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ದಿನಕ್ಕೆರಡು ಸಲ ನೋಡಬೇಕು, 65–70ಕ್ಕೆ ಬಂದರೆ ಅಪಾಯ ಶುರುವಾಗಿದೆ, 80 ಮುಟ್ಟಿದರೆ ಬಣವೆ ತಾನಾಗಿ ಹೊತ್ತಿಕೊಳ್ಳಬಹುದು. ಆ ಹಂತದಲ್ಲಿ ಪೆಂಡಿ ಎಳೆದು ಬಿಚ್ಚಲು ಹೋಗಬೇಡಿ; ಒಳಗೆ ಗಾಳಿ ಹೊಕ್ಕ ಕೂಡಲೇ ಉರಿ ಏಳುತ್ತದೆ. ಅಗ್ನಿಶಾಮಕದವರನ್ನು ಕರೆಯಿರಿ. ಬಣವೆಯ ಮೇಲೆ ಹತ್ತುವುದಂತೂ ಸಲ್ಲದು, ಒಳಗೆ ಸುಟ್ಟು ಟೊಳ್ಳಾಗಿದ್ದರೆ ಕಾಲು ಕುಸಿದು ಒಳಗೆ ಬೀಳುತ್ತೀರಿ. ಇದೇ ಕಾರಣಕ್ಕೆ ಬಣವೆಯನ್ನು ಮನೆ, ಕೊಟ್ಟಿಗೆಗಳಿಂದ ದೂರ ಒಟ್ಟಬೇಕು.

ಹುಲ್ಲು ಚೆನ್ನಾಗಿ ಒಣಗಿದ್ದರೂ ಟಾರ್ಪಾಲು ಮತ್ತು ಪೆಂಡಿಯ ನಡುವೆ ಗಾಳಿ ಆಡಲು ಜಾಗ ಬೇಕು. ಅದಕ್ಕೆ ಬಣವೆಯ ನೆತ್ತಿಯ ಆಕಾರವನ್ನೇ ಬದಲಿಸಬೇಕು. ನಿಮ್ಮದು ಚಪ್ಪಟೆ ನೆತ್ತಿ. ಅಲ್ಲಿ ನೀರು ನಿಲ್ಲುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ನಾಲ್ಕು ಬೆರಳು, ಅಂದರೆ ಏಳೆಂಟು ಸೆಂಟಿಮೀಟರ್ ನೀರು ನಿಂತರೆ ಎಪ್ಪತ್ತು ಎಂಬತ್ತು ಕಿಲೋ. ಟಾರ್ಪಾಲು ಇನ್ನಷ್ಟು ಜೋಲಿ ಇನ್ನಷ್ಟು ನೀರನ್ನು ಕರೆಯುತ್ತದೆ. ಮೇಲಿನ ಎರಡು ಸಾಲುಗಳನ್ನು ಎರಡೂ ಬದಿಯಿಂದ ಹಂತಹಂತವಾಗಿ ಒಳಕ್ಕೆ ತೆಗೆದುಕೊಂಡು, ನಡುವೆ ಉದ್ದಕ್ಕೂ ಒಂದೇ ಸಾಲು ಪೆಂಡಿ ಏರಿಸಿ, ಮನೆಯ ಮಾಡಿನ ಆಕಾರ ಬರಲಿ. ಹಂತಗಳ ಸಂದಿಗೆ ಸಡಿಲ ಒಣಹುಲ್ಲು ತುಂಬಿ ಇಳಿಜಾರನ್ನು ನಯಮಾಡಿ. ಇಡೀ ನೆತ್ತಿಯ ಮೇಲೆ ಒಂದಡಿ ದಪ್ಪಕ್ಕೆ ಕೀಳು ದರ್ಜೆಯ ಸಡಿಲ ಹುಲ್ಲು ಹರಡಿ ಆಮೇಲೆ ಟಾರ್ಪಾಲು ಹಾಕಿ. ತೊಟ್ಟಿಕ್ಕಿದ ಹನಿಯನ್ನು ಆ ಹುಲ್ಲು ಹೀರಿ ಹಗಲಿನಲ್ಲಿ ಆರಿಸಿಕೊಳ್ಳುತ್ತದೆ, ಪೆಂಡಿಯ ಚೂಪು ಮೂಲೆಗಳಿಂದ ಟಾರ್ಪಾಲನ್ನೂ ಉಳಿಸುತ್ತದೆ. ಅಷ್ಟು ಹುಲ್ಲು ಹಾಳಾಗುತ್ತದೆ ನಿಜ. ಅದು ಇರುವುದೇ ಹಾಳಾಗಲು. ನೆತ್ತಿಯ ಉದ್ದಕ್ಕೂ ಬಿದಿರಿನ ಗಳ ಹಾಯಿಸಿದರೆ ಟಾರ್ಪಾಲು ಇನ್ನೂ ಚೆನ್ನಾಗಿ ಎತ್ತಿ ನಿಲ್ಲುತ್ತದೆ.

ಪಕ್ಕಗಳನ್ನು ನೆಲದವರೆಗೆ ಮುಚ್ಚುವುದು ಬೇಡ. ಮಳೆಯ ಹೆಚ್ಚಿನ ಪಾಲು ಬೀಳುವುದು ನೆತ್ತಿಯ ಮೇಲೆ. ಬದಿಗೆ ಎರಚಿದ ನೀರು ಬಿಗಿಯಾದ ಪೆಂಡಿಯಲ್ಲಿ ಹೊರಮೈಯಷ್ಟೇ ನೆನೆಸಿ ಆರಿಹೋಗುತ್ತದೆ. ಟಾರ್ಪಾಲು ಎರಡು ಬದಿಗೂ ಮೂರ್ನಾಲ್ಕು ಅಡಿ ಇಳಿದು, ಸೂರಿನಂತೆ ನೀರನ್ನು ಗೋಡೆಯಿಂದ ಹೊರಗೆ ಬೀಳಿಸಿದರೆ ಸಾಕು. ಗಾಳಿ ಬರುವ ತಲೆಯನ್ನು ಭದ್ರವಾಗಿ ಮುಚ್ಚಿ. ಎದುರು ತಲೆಯಲ್ಲಿ ನೆತ್ತಿಯ ಹತ್ತಿರ ಒಂದು ತ್ರಿಕೋನ ಬಾಯಿ ಬಿಡಿ, ತೇವದ ಗಾಳಿ ಅಲ್ಲಿಂದ ಹೋಗಲಿ.

ತಳದ ಬಗ್ಗೆ ಒಂದೇ ಮಾತು. ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಒಟ್ಟಬೇಡಿ, ಇಳಿದು ಬಂದ ನೀರೆಲ್ಲ ಅದರಲ್ಲೇ ನಿಲ್ಲುತ್ತದೆ. ಪ್ಯಾಲೆಟ್, ಮರದ ದಿಮ್ಮಿ ಅಥವಾ ದಪ್ಪ ಜಲ್ಲಿಯ ಹಾಸು ಒಳ್ಳೆಯದು.

ಉಂಡೆ ಪೆಂಡಿ ಕಟ್ಟಿಸುವವರೂ ಇದೇ ಪ್ರಶ್ನೆ ಕೇಳುತ್ತಾರೆ. ಐದಡಿ ವ್ಯಾಸದ ಉಂಡೆಯಲ್ಲಿ ಹೊರಗಿನ ನಾಲ್ಕು ಇಂಚು ಮಾತ್ರ ಕೊಳೆತರೂ ಒಟ್ಟು ಹುಲ್ಲಿನ ಕಾಲು ಭಾಗ ಹೋದಂತೆ. ಮೂರು, ಅದರ ಮೇಲೆ ಎರಡು, ಅದರ ಮೇಲೆ ಒಂದು ಎಂದು ಒಟ್ಟಿದರೆ ಇಳಿಜಾರು ತಾನಾಗಿ ಸಿಗುತ್ತದೆ, ಕೊಳವೆ ಮತ್ತು ಹಗ್ಗದ ಕ್ರಮ ಮೇಲಿನದೇ. ಟಾರ್ಪಾಲು ಹಾಕುವ ಮನಸ್ಸಿಲ್ಲದಿದ್ದರೆ ಒಂದರ ಮೇಲೊಂದು ಒಟ್ಟಲೇಬೇಡಿ, ಮೇಲಿನದರ ನೀರು ಕೆಳಗಿನದಕ್ಕೆ ಇಳಿಯುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಹಳೆಯ ಟಾರ್ಪಾಲನ್ನು ಬಿಸಿಲಿಗೆ ಎತ್ತಿ ಹಿಡಿದು ಅಡಿಯಿಂದ ನೋಡಿ. ಸೂಜಿಮೊನೆಯಂಥ ಬೆಳಕಿನ ಚುಕ್ಕೆಗಳು ತುಂಬಿದ್ದರೆ ಅದರ ಕಾಲ ಮುಗಿದಿದೆ. ಆಗ ಹೊಸದು ಕೊಳ್ಳಿ: ಚದರ ಮೀಟರಿಗೆ 200 ಗ್ರಾಂ ಅಥವಾ ಹೆಚ್ಚು ತೂಕದ್ದು, ಬಿಸಿಲು ತಡೆಯುವ ಲೇಪವಿರುವುದು. 100 ಗ್ರಾಮಿನ ಆಸುಪಾಸಿನವು ಒಂದು ಹಂಗಾಮಿಗೆ ಮಾತ್ರ. ಒಂದು ಬದಿ ಬಿಳಿ ಅಥವಾ ಬೆಳ್ಳಿ ಬಣ್ಣವಿದ್ದರೆ ಅದು ಆಕಾಶಕ್ಕೆ ಮುಖ ಮಾಡಿರಲಿ. ಕಪ್ಪು ಮೇಲಿದ್ದರೆ ಹಗಲು ಕಾದು ಹುಲ್ಲಿನ ತೇವವನ್ನು ಮೇಲೆಳೆದು ರಾತ್ರಿ ಮತ್ತೆ ಹನಿಯಾಗಿಸುತ್ತದೆ. ಚುಕ್ಕೆಗಳಿಲ್ಲದಿದ್ದರೆ ಹಳೆಯದನ್ನೇ ಕೊಳವೆಗೆ ಸುತ್ತಿ ಇನ್ನೊಂದು ಹಂಗಾಮು ದುಡಿಸಿ.

ಕಟ್ಟಿದ ಒಂದು ವಾರಕ್ಕೆ ಎಲ್ಲ ಹಗ್ಗಗಳನ್ನೂ ಮತ್ತೆ ಬಿಗಿಯಿರಿ, ಇನ್ನೆರಡು ವಾರಕ್ಕೆ ಮತ್ತೊಮ್ಮೆ, ಆಮೇಲೆ ಪ್ರತಿ ಬಿರುಗಾಳಿಯ ನಂತರ. ಗಾಳಿಯ ದಿನ ಬಣವೆಯ ಪಕ್ಕ ನಿಂತು ಕೇಳಿದರೂ ತಿಳಿಯುತ್ತದೆ: ಪಟಪಟ ಸದ್ದು ಬರುವ ಕಡೆ ಹಗ್ಗ ಜೋತಿದೆ. ಮೇವು ತೆಗೆಯುವಾಗ ಗಾಳಿಗೆ ಮರೆಯಾದ ತಲೆಯಿಂದ ಶುರುಮಾಡಿ, ಆ ದಿನಕ್ಕೆ ಬೇಕಾದಷ್ಟೇ ಟಾರ್ಪಾಲು ಮಡಚಿ, ತೆಗೆದ ಮೇಲೆ ಮೂಲೆಯನ್ನು ಅಂದೇ ಕಟ್ಟಿ. ಹರಿದ ಹಗ್ಗದ ತುಂಡು, ಪ್ಲಾಸ್ಟಿಕ್ ಚೂರು, ಕಿತ್ತುಬಿದ್ದ ಲೋಹದ ಕಣ್ಣುಗಳನ್ನೆಲ್ಲ ಆರಿಸಿ ಒಂದು ಡಬ್ಬಿಗೆ ಹಾಕಿ. ದನಗಳು ಹುಲ್ಲಿನ ಜೊತೆ ಇವನ್ನೂ ನುಂಗುತ್ತವೆ, ಲೋಹದ ಚೂರು ಹೊಟ್ಟೆಯಲ್ಲಿ ಚುಚ್ಚಿಕೊಂಡರೆ ಪ್ರಾಣಕ್ಕೇ ಕುತ್ತು. ನಿಮ್ಮ ಬಣವೆಯಲ್ಲಿ ಈಗಾಗಲೇ ಹಲವು ಕಣ್ಣುಗಳು ಉದುರಿವೆ; ಮುಂದಿನ ಪೆಂಡಿ ಬಿಚ್ಚುವ ಮೊದಲು ಅವನ್ನು ಹುಡುಕಿ ತೆಗೆಯಿರಿ. ಬೂಷ್ಟು ಹಿಡಿದ ಮೇಲಿನ ಪೆಂಡಿಗಳನ್ನು ಮೇವಿಗೆ ಬಳಸದೆ ಗೊಬ್ಬರದ ಗುಂಡಿಗೆ ಹಾಕಿ, ಬಿಚ್ಚುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.